ಸೂಜಿ ಬಿದ್ದ ದನ ಬಂಡೆ ಹತ್ತಲ್ಲ

ಬೆಳಗಿನ ಐದೂಮುಕ್ಕಾಲು. ಕೊಟ್ಟಿಗೆಯ ಬಲ್ಬು ಇನ್ನೂ ಉರಿಯುತ್ತಿದೆ. ಅದರ ಕೆಳಗೆ ಊರಿನ ಅತಿ ದುಬಾರಿ ಹಸು ಕಾಲು ಚಾಚಿ ಮಲಗಿದೆ, ಇನ್ನು ಏಳುವ ಅಂದಾಜಿಲ್ಲ. ಮೂರು ಪ್ರದರ್ಶನಗಳಲ್ಲಿ ಗೆದ್ದ ಪದಕಗಳು ಗೋಡೆಯ ಮೊಳೆಗೆ ತೂಗುತ್ತಿವೆ. ಗೆದ್ದವಳ ಮೂಗಿನ ಮೇಲೆ ನೊಣ ಕೂತಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ ಹೆಂಗಸೊಬ್ಬರು ಅದರ ಕುತ್ತಿಗೆಯುದ್ದಕ್ಕೂ ಬೆರಳಾಡಿಸುತ್ತಿದ್ದಾರೆ, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ. ಕಿವಿಯಿಂದ ಒಂದು ಗೇಣು ಕೆಳಗೆ ಬೆರಳು ನಿಲ್ಲುತ್ತದೆ. ಅಲ್ಲೊಂದು ಗಂಟು, ಕಡಲೆಕಾಳಿನಷ್ಟು.

"ಜ್ವರ ಯಾವಾಗ ಬಂತು ಯಜಮಾನ್ರೇ?"

"ಜ್ವರ ಎಲ್ಲಿ? ಚೆನ್ನಾಗೇ ಇತ್ತಮ್ಮ. ಮಲಗ್ತು, ಹೋಯ್ತು. ನಮಗೂ ಅಂಥ ಸಾವು ಬರ್ಲಿ."

"ಸೂಜಿ ಏನಾದ್ರೂ ಹಾಕ್ಸಿದ್ರಾ?"

"ಛೆ ಛೆ! ಸೂಜಿ ಅಂದ್ರೆ ನನಗೇ ಕೈಕಾಲು ನಡುಗುತ್ತೆ. ಹಸುಗೆ ಹಾಕಿಸ್ತೀನಾ?"

ಹಸುವಿನ ಮಾಲೀಕರು ಈ ಪಟ್ಟಣದ ಆಡಳಿತ ಮಂಡಳಿಯ ಅಧ್ಯಕ್ಷರು. ಕೈಕಾಲು ನಡುಗುವುದು ಇರಲಿ, ಅವರ ನಾಲಿಗೆಯೂ ನಡುಗುವುದಿಲ್ಲ. ಗಂಟು ಮುಟ್ಟಿದ ಬೆರಳನ್ನು ಆ ಹೆಂಗಸು ಲಂಗೋಟಿಯಷ್ಟು ಹಳೆಯದಾದ ಒರೆಸುಬಟ್ಟೆಗೆ ಉಜ್ಜಿಕೊಂಡು ಏಳುತ್ತಾರೆ. ಒಂದು ಬಾಯಿ ಆಯಿತು. ಇನ್ನೆರಡು ಬಾಕಿ.

ಇವರನ್ನು ಊರೆಲ್ಲ ಕರೆಯುವುದು ಕೊನೆಗಾಡಿ ಅಕ್ಕ ಎಂದು. ದನ, ಎಮ್ಮೆ, ಕತ್ತೆ, ಕುದುರೆ ಯಾವುದು ಸತ್ತರೂ ಸಾಗಿಸುವ ಗಾಡಿ ಅವರದು. ಹಳೆಯ ಟ್ರ್ಯಾಕ್ಟರು, ಹಿಂದೆ ತಗ್ಗು ಟ್ರೈಲರು, ಟ್ರೈಲರಿನ ತಲೆಯಲ್ಲಿ ಒಂದು ರಾಟೆ. ರಾಟೆ ಮಾಡಿಕೊಟ್ಟದ್ದು ಬಸ್ ಗ್ಯಾರೇಜಿನಲ್ಲಿ ಟಯರು ಬದಲಿಸುವ ಗಂಡ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಆತ ಕೊಟ್ಟ ಒಂದೇ ಒಡವೆ ಅದು ಎಂದು ಅಕ್ಕ ನಗುತ್ತಾರೆ. ಕೆಲಸಕ್ಕೆ ಸೇರಿ ಹದಿನಾರು ವರ್ಷ. "ಸೊಸೆ ಮನೆಗೆ ಬಂದ್ರೆ ಮೊದಲು ಸೋಪು ಮಾತಾಡ್ಸುತ್ತೆ, ಆಮೇಲೆ ನಾನು" ಎನ್ನುವುದು ಅತ್ತೆಯ ಮಾತು. ಹಾಗಂದರೂ ದಿನಾ ಬಚ್ಚಲಿನ ನೀರು ಕಾಯಿಸಿಡುವವರೂ ಅವರೇ.

ಸಾಗಿಸುವುದು ಎಲ್ಲಿಗೆ? ಊರಾಚೆ ಒಂದು ಬಂಡೆಯಿದೆ, ಸುತ್ತ ತಂತಿಬೇಲಿ, ಒಂದು ಗೇಟು, ಗೇಟಿಗೆ ಬೀಗ. ಬೀಗದ ಕೈ ಅಕ್ಕನ ಸೊಂಟದಲ್ಲಿ. ಬಂಡೆಯ ಎದುರಿನ ಕಡಿದಾದ ಗುಡ್ಡದ ಸಂದುಗಳಲ್ಲಿ ರಣಹದ್ದುಗಳು ಗೂಡು ಕಟ್ಟಿವೆ. ಬಂಡೆಯ ಮೇಲೆ ಇಟ್ಟ ಹೆಣವನ್ನು ಅವು ಒಂದು ಗಂಟೆಯಲ್ಲಿ ಮೂಳೆ ಮಾಡಿ ಹೋಗುತ್ತವೆ. ವಾಸನೆಯಿಲ್ಲ, ನಾಯಿಯಿಲ್ಲ, ರೋಗವಿಲ್ಲ. ಊರಿನ ನೈರ್ಮಲ್ಯ ವಿಭಾಗದಲ್ಲಿ ಸಂಬಳ, ರಜೆ, ಸಭೆ, ಚಹಾ ಏನೂ ಕೇಳದೆ ಕೆಲಸ ಮಾಡುವ ಸಿಬ್ಬಂದಿ ಇವೇ. ಸದ್ಯಕ್ಕೆ ಇಪ್ಪತ್ತಮೂರು. ಅಕ್ಕ ದಿನಾ ಎಣಿಸುತ್ತಾರೆ, ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಇಪ್ಪತ್ತಮೂರನೆಯದು ಈ ವರ್ಷದ ಮರಿ. ಎರಡು ಗೂಡುಗಳಲ್ಲಿ ಮೊಟ್ಟೆ ಒಡೆದು ಮರಿ ಬಂದಿತ್ತು. ಒಂದು ಈ ಬೇಸಿಗೆಯ ಕಾದ ಕಲ್ಲಿನ ಮೇಲೆ ಬಾಯಿ ಬಿಟ್ಟುಕೊಂಡೇ ಒಣಗಿತು. ಉಳಿದದ್ದು ಹಾರಲು ಕಲಿತು ಇನ್ನೂ ಮೂರು ವಾರ.

"ವರ್ಷಕ್ಕೆ ಒಂದು ಜೋಡಿ ಒಂದೇ ಮೊಟ್ಟೆ ಇಡೋದು. ನಮ್ಮ ಅಧ್ಯಕ್ಷರ ಮನೇಲಿ ವರ್ಷಕ್ಕೆ ಎರಡು ಕಾರು ಬರುತ್ತೆ. ಹೋಲಿಸಿ ನೋಡಿ" ಎನ್ನುತ್ತಾರೆ ಅಕ್ಕ.

ಇನ್ನು ಆ ಬಾಯಿ ಲೆಕ್ಕ. ದನಕ್ಕೆ ಕೊಡಬಾರದೆಂದು ಸರ್ಕಾರವೇ ನಿಷೇಧಿಸಿದ ಒಂದು ನೋವಿನ ಔಷಧಿಯಿದೆ. ಅದನ್ನು ಚುಚ್ಚಿಸಿಕೊಂಡ ದನ ಕೆಲವೇ ದಿನದಲ್ಲಿ ಸತ್ತರೆ ಅದರ ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಎರಡು ಮೂರು ದಿನಕ್ಕೆ ಕುತ್ತಿಗೆ ಜೋತು ಬೀಳುತ್ತದೆ. ಮನುಷ್ಯರ ಅಂಗಡಿಯಲ್ಲಿ ಸಣ್ಣ ಸೀಸೆಗಳಲ್ಲಿ ಸಿಗುವ ಇದೇ ಮದ್ದನ್ನು ಜನ ಕದ್ದುಮುಚ್ಚಿ ದನಕ್ಕೆ ಹಾಕಿಸುತ್ತಾರೆ. ಆದ್ದರಿಂದ ಅಕ್ಕನ ನಿಯಮ: ಸತ್ತ ಮನೆಯಲ್ಲಿ ಮೂರು ಬಾಯಿ ಕೇಳಬೇಕು. ಯಜಮಾನರ ಬಾಯಿ, ಅಡುಗೆಮನೆಯ ಬಾಯಿ, ಕೊಟ್ಟಿಗೆಯ ಬಾಯಿ. ಮೂರೂ ಬೇರೆ ಬೇರೆ ಕಡೆ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ. ಮೂರೂ ಒಂದೇ ಮಾತಾಡಿದರೆ ದನ ಬಂಡೆಗೆ. ಒಂದು ತಡವರಿಸಿದರೂ ದನ ಗುಂಡಿಗೆ.

ಅಧ್ಯಕ್ಷರ ಅಡುಗೆಮನೆಯ ಬಾಯಿ ಹಾಲು ಉಕ್ಕುವುದನ್ನು ನೋಡುತ್ತ ನಿಂತಿದೆ. "ನನಗೇನು ಗೊತ್ತಮ್ಮ, ಗಂಡಸರ ವ್ಯವಹಾರ. ಅವರು ಏನು ಹೇಳಿದ್ರೋ ಅದೇ."

"ಅವರು ಏನು ಹೇಳಿದ್ರು ಅಂತ ನಾನಿನ್ನೂ ಹೇಳೇ ಇಲ್ವಲ್ಲ ಅಮ್ಮ."

"ಅದೇ. ಅದನ್ನೇ."

ಮೂರನೆಯ ಬಾಯಿಯಲ್ಲಿ ನಾಲ್ಕೇ ಹಲ್ಲು. ನಲವತ್ತು ವರ್ಷದಿಂದ ಆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಅಜ್ಜಿ. ಅಕ್ಕ ಹತ್ತಿರ ಹೋಗುವ ಹೊತ್ತಿಗೆ ಅಧ್ಯಕ್ಷರೂ ಹಿಂದೆಯೇ ಬಂದು ಬಾಗಿಲಿಗೆ ಒರಗಿದ್ದಾರೆ.

"ಅಜ್ಜಿ, ಸೂಜಿ ಹಾಕಿದ್ರಾ?"

"ಸೂಜಿನಾ?" ಅಜ್ಜಿ ಜೋರಾಗಿಯೇ ಕೇಳುತ್ತಾರೆ. "ಯಾವ ಸೂಜಿ? ಬಟ್ಟೆ ಹೊಲಿಯೋ ಸೂಜಿನಾ, ಮೂಟೆ ಹೊಲಿಯೋ ದಬ್ಬಳಾನಾ? ನನ್ನ ಕಣ್ಣಿಗೆ ಹಸು ಕಂಡ್ರೇ ಹೆಚ್ಚು, ಸೂಜಿ ಎಲ್ಲಿ ಕಾಣುತ್ತೆ ಮಗಳೇ!"

ಹೀಗೆ ಬಾಯಿ ಬಡಬಡಿಸುತ್ತಿರುವಾಗಲೇ ಅಜ್ಜಿಯ ಎಡಗಾಲು ಸದ್ದಿಲ್ಲದೆ ಹುಲ್ಲಿನ ರಾಶಿಯ ಬುಡವನ್ನು ಕೆದಕುತ್ತದೆ. ಒಂದು ಸಣ್ಣ ಗಾಜಿನ ಸೀಸೆ ಉರುಳಿ ಬಂದು ಅಕ್ಕನ ಚಪ್ಪಲಿಗೆ ತಾಗಿ ನಿಲ್ಲುತ್ತದೆ. ಅದರ ಹಿಂದೆ ಇನ್ನೊಂದು. ಬಾಯಿ ಇಲ್ಲ ಎನ್ನುತ್ತಿದೆ, ಕಾಲು ಹೌದು ಎನ್ನುತ್ತಿದೆ. ಹಗ್ಗ ಸುತ್ತುವ ನೆಪದಲ್ಲಿ ಅಕ್ಕ ಬಗ್ಗುತ್ತಾರೆ. ಏಳುವಾಗ ಸೆರಗಿನ ಗಂಟಿನಲ್ಲಿ ಆರು ಖಾಲಿ ಸೀಸೆ.

"ಏನೂ ಇಲ್ಲ ತಾನೇ?" ಅಧ್ಯಕ್ಷರು ಕೈ ಉಜ್ಜುತ್ತಾರೆ. "ಹಾಗಾದ್ರೆ ಸೀದಾ ಬಂಡೆಗೆ. ಹತ್ತು ಗಂಟೆ ಒಳಗೆ ರೆಡಿ ಇರ್ಲಿ. ಕಾರ್ಯಕ್ರಮ ಗೊತ್ತಲ್ಲ?"

ಗೊತ್ತಿಲ್ಲದವರು ಯಾರು. ಇವತ್ತು ಪರಿಸರ ದಿನ. ಪರಿಸರಕ್ಕೆ ಒಂದು ದಿನ, ಉಳಿದ ಮುನ್ನೂರ ಅರವತ್ತನಾಲ್ಕು ಅಧ್ಯಕ್ಷರಿಗೆ. ಅಳಿವಿನ ಅಂಚಿನ ಹಕ್ಕಿ ಊಟ ಮಾಡುವುದನ್ನು ಮುಖ್ಯ ಅತಿಥಿಗಳು ಕಣ್ಣಾರೆ ನೋಡಬೇಕು, ಫೋಟೋ ಆಗಬೇಕು. ಊಟಕ್ಕೆ ಅಧ್ಯಕ್ಷರ ಸ್ವಂತ ಹಸು. ಇದಕ್ಕಿಂತ ತ್ಯಾಗ ಉಂಟೇ? ಬದುಕಿದ್ದಾಗ ಪದಕ ತಂದಿತು, ಸತ್ತು ಪ್ರಚಾರ ತರಲಿ.

ಅಕ್ಕ ರಾಟೆ ತಿರುಗಿಸುತ್ತಾರೆ. ಹಸು ಟ್ರೈಲರು ಏರುತ್ತದೆ.

ದಾರಿಯುದ್ದಕ್ಕೂ ಅಕ್ಕನ ತಲೆಯಲ್ಲಿ ಓಡುವುದು ಹಸುವಲ್ಲ, ಹಸಿವು. ರಣಹದ್ದುಗಳು ತಿಂದು ನಾಲ್ಕು ದಿನವಾಗಿದೆ. ಸತ್ತ ದನಗಳಿಗೆ ಕೊರತೆಯೇ? ಮೊದಲು ವಾರಕ್ಕೆ ಐದು ಸಾಯುತ್ತಿದ್ದವು. ಈ ಬಿಸಿಲಿನಲ್ಲಿ ದಿನಕ್ಕೆ ಮೂರು. ಆದರೆ ಬಿಸಿಲು ಬರಿಗೈಯಲ್ಲಿ ಬರುವುದಿಲ್ಲ. "ಬಿಸಿಲು ಹೆಚ್ಚಾದ್ರೆ ದನಕ್ಕೆ ಜ್ವರ. ಜ್ವರ ಬಂದ್ರೆ ಸೂಜಿ. ಸೂಜಿ ಹಾಕಿದ ದನಾನೂ ಬಿಸಿಲಿಗೆ ಉಳಿಯಲ್ಲ. ನನ್ನ ಹಕ್ಕಿಗೆ ಬಿಸಿಲು ಮೂರು ಕಡೆಯಿಂದ ಹೊಡೀತಿದೆ: ಕಲ್ಲಿನ ಮೇಲೆ, ನೀರಿನಲ್ಲಿ, ತಟ್ಟೆಯಲ್ಲಿ." ನಾಲ್ಕು ದಿನದಲ್ಲಿ ಬಂದ ಹನ್ನೊಂದಕ್ಕೆ ಹನ್ನೊಂದೂ ಗುಂಡಿಗೆ ಹೋಗಿವೆ. ಹದ್ದುಗಳು ಗುಡ್ಡದಿಂದ ಇಣುಕಿ ಟ್ರ್ಯಾಕ್ಟರಿನ ಸದ್ದಿಗೇ ರೆಕ್ಕೆ ಬಿಚ್ಚುತ್ತಿವೆ. ಮರಿಯಂತೂ ಬಂಡೆಯ ಅಂಚಿಗೇ ಬಂದು ಕೂತಿದೆ, ಇನ್ನೂ ಬಡಿಸದ ಪಂಕ್ತಿಯಲ್ಲಿ ಕೂತ ಮಗುವಿನ ಹಾಗೆ.

ಟ್ರ್ಯಾಕ್ಟರು ಗೇಟಿನೊಳಗೆ ಬಂದು ಒಂದು ಕ್ಷಣ ನಿಲ್ಲುತ್ತದೆ. ಎಡಕ್ಕೆ ಬಂಡೆ, ಬಲಕ್ಕೆ ಗುಂಡಿ.

ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ಅಕ್ಕ ಎಡಕ್ಕೆ ತಿರುಗಿದ್ದರು. ಆಗ ಹದ್ದುಗಳು ನಲವತ್ತೊಂದು. ಒಂದು ಎಮ್ಮೆ. ಮಾಲೀಕ ದೊಡ್ಡ ಮನುಷ್ಯ, ಮೆತ್ತಗೆ ಮಾತಾಡುವವನು, ಕೂರಿಸಿ ಚಹಾ ಕೊಟ್ಟವನು. ಹೆಣ ಹೊರುವವರಿಗೆ ಲೋಟದಲ್ಲಿ ಚಹಾ ಕೊಡುವ ಮನೆ ಅಪರೂಪ. ಸೂಜಿ ಹಾಕಿಲ್ಲ ಎಂದ. ಅಕ್ಕ ಒಂದೇ ಬಾಯಿ ಕೇಳಿದರು, ಚಹಾ ಕುಡಿದರು, ನಂಬಿದರು. ಮೂರನೆಯ ದಿನ ಹದ್ದುಗಳು ತಲೆ ಎತ್ತಲಾರದೆ ಗುಡ್ಡದ ಸಂದಿನಲ್ಲಿ ತೂಕಡಿಸತೊಡಗಿದವು. ಒಂದೊಂದೇ ಬಿದ್ದವು. ಹನ್ನೊಂದು. ಹಕ್ಕಿಗಳ ಡಾಕ್ಟರೊಬ್ಬರು ದೂರದಿಂದ ಬಂದು ಒಂದನ್ನು ಕೊಯ್ದು ತೋರಿಸಿದರು: ಒಳಗೆಲ್ಲ ಬೆಳ್ಳಗೆ, ಸುಣ್ಣ ಬಳಿದ ಗೋಡೆ.

"ಒಂದು ಲೋಟ ಚಹಾಕ್ಕೆ ಹನ್ನೊಂದು ಜೀವ ಕೊಟ್ಟೆ" ಎನ್ನುತ್ತಾರೆ ಅಕ್ಕ. "ಆಮೇಲೆ ಸತ್ತ ಮನೇಲಿ ನಾನು ನೀರೂ ಕುಡಿಯಲ್ಲ. ಮೂರು ಬಾಯಿ ಕೇಳ್ತೀನಿ. ಗುಂಡಿ ಒಂದು ಯಾವಾಗ್ಲೂ ತೋಡಿಟ್ಟಿರ್ತೀನಿ. ಊರಲ್ಲಿ ಒಂದಾದ್ರೂ ಬಾಯಿ ತೆರೆದೇ ಇರ್ಬೇಕಲ್ಲ."

ಟ್ರ್ಯಾಕ್ಟರು ಬಲಕ್ಕೆ ತಿರುಗುತ್ತದೆ. ಎಂಟೂವರೆಗೆ ಪದಕದ ಹಸು ಏಳಡಿ ಆಳದಲ್ಲಿ, ಅದರ ಮೇಲೆ ಎರಡು ಮೂಟೆ ಸುಣ್ಣ, ಸುಣ್ಣದ ಮೇಲೆ ಮಣ್ಣು.

ಹತ್ತಕ್ಕೆ ಸರಿಯಾಗಿ ಪರಿಸರ ಬಂದಿಳಿಯಿತು, ಒಂಬತ್ತು ಕಾರುಗಳಲ್ಲಿ. ಹವಾಮಾನ ಬಿಸಿಯಾಗುತ್ತಿರುವ ಬಗ್ಗೆ ಭಾಷಣ ಕೇಳುವವರಿಗೆ ಬಿಸಿಯಾಗಬಾರದೆಂದು ಡೀಸೆಲ್ ಜನರೇಟರು ಹೊಗೆಯುಗುಳುತ್ತ ನಾಲ್ಕು ಏರ್ ಕೂಲರು ತಿರುಗಿಸುತ್ತಿತ್ತು. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸು: 'ರಣಹದ್ದು ಉಳಿಸಿ'. ಅದರಲ್ಲಿದ್ದ ಚಿತ್ರ ಯಾವುದೋ ಬೇರೆ ದೇಶದ ಬಿಳಿತಲೆಯ ಗಿಡುಗದ್ದು. ನಿಜವಾದ ರಣಹದ್ದುಗಳು ಎದುರಿನ ಗುಡ್ಡದ ಮೇಲೆ ಸಾಲಾಗಿ ಕೂತು ಇದನ್ನೆಲ್ಲ ನೋಡುತ್ತಿದ್ದವು. ಅವುಗಳ ಮುಂದಿನ ಬಂಡೆ ಮಾತ್ರ ಖಾಲಿ, ತೊಳೆದಿಟ್ಟ ತಟ್ಟೆಯಷ್ಟು ಖಾಲಿ.

ಮೊದಲು ಓಡಿ ಬಂದವರು ನೈರ್ಮಲ್ಯ ಇನ್ಸ್‌ಪೆಕ್ಟರು, ಅಕ್ಕನ ಮೇಲಧಿಕಾರಿ.

"ಎಲ್ಲಿ ಹಸು?"

"ಮಲಗಿಸಿ ಬಂದೆ ಸಾರ್."

"ಎಲ್ಲಿ ಮಲಗಿಸಿದೆ?"

"ಗುಂಡೀಲಿ."

ಇನ್ಸ್‌ಪೆಕ್ಟರು ಕರವಸ್ತ್ರದಿಂದ ಬೆವರು ಒರೆಸಿಕೊಂಡರು. "ಏನು ಹುಡುಗಾಟ ಇದು? ಎಲ್ಲದಕ್ಕೂ ಒಂದು ಮಿತಿ ಇದೆ. ಹದ್ದು ಮೀರ್ಬೇಡ."

"ನಾನು ಹದ್ದು ಮೀರೋಳಲ್ಲ ಸಾರ್, ಹದ್ದು ಕಾಯೋಳು."

"ತೆಗಿ ಅದನ್ನ ಹೊರಗೆ. ಈಗ್ಲೇ."

"ತೆಗೀಬಹುದು. ಎರಡು ಮೂಟೆ ಸುಣ್ಣ ಇದೆ. ಗಾಳಿ ಬೇರೆ ವೇದಿಕೆ ಕಡೇಗೇ ಬೀಸ್ತಿದೆ."

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. ಮುಖದ ಮೇಲೆ ಅತಿಥಿಗಳಿಗೆಂದು ತೊಟ್ಟ ನಗು ಹಾಗೇ ಇತ್ತು, ದನಿ ಮಾತ್ರ ಬದಲಾಗಿತ್ತು. "ನನ್ನ ಹಸು, ನನ್ನ ಇಷ್ಟ. ಹೂಳೋಕೆ ನೀನು ಯಾರು?"

"ಹಸು ನಿಮ್ದು ಯಜಮಾನ್ರೇ. ಹಕ್ಕಿ ನಿಮ್ದಲ್ಲ."

"ಈ ಕೆಲಸ ನಿನಗೆ ಯಾರು ಕೊಟ್ಟಿದ್ದು, ನೆನಪಿದ್ಯಾ?"

"ನೆನಪಿದೆ. ಎಲ್ರೂ ಬೇಡ ಅಂದ್ರು. ಹಾಗೆ ಸಿಕ್ತು."

ಪೆಂಡಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಖ್ಯ ಅತಿಥಿಗಳು ಏನು ಸಮಸ್ಯೆ ಎಂದು ಕೇಳಿದರು. ಅಕ್ಕ ಸೀದಾ ಮೇಜಿನ ಹತ್ತಿರ ನಡೆದರು. ವಾಸನೆಗೆ ಮುಂದಿನ ಸಾಲಿನ ಕುರ್ಚಿಗಳು ತಾವಾಗಿಯೇ ದಾರಿ ಬಿಟ್ಟವು. ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛದ ಪಕ್ಕ ಸೆರಗು ಬಿಚ್ಚಿ ಆರು ಸೀಸೆಗಳನ್ನು ಒಂದೊಂದಾಗಿ ನಿಲ್ಲಿಸಿದರು.

"ಇವು ಆರೂ ಆ ಹಸು ಒಳಗಿವೆ ಸಾರ್. ಯಾವ ಮನೇಲಿ, ಯಾರ ಕೈಲಿ ಸಿಕ್ತು ಅಂತ ನಾನು ಹೇಳಲ್ಲ. ಅಲ್ಲಿ ಕೂತಿರೋವು ನಾಲ್ಕು ದಿನದಿಂದ ಉಪವಾಸ. ನನ್ನ ಹೊಟ್ಟೇನೂ ಉರೀತಿದೆ. ಆದ್ರೆ ಹಸಿದವರಿಗೆ ವಿಷ ಹಾಕಿ ಫೋಟೋ ತೆಗೆಸ್ಕೊಳ್ಳೋದಕ್ಕೆ ನಾನು ಬೀಗ ತೆಗೆಯಲ್ಲ. ನೀವು ಹನ್ನೊಂದೂವರೆಗೆ ಹೊರಟು ಹೋಗ್ತೀರಿ. ಅವು ಬೀಳೋದು ಮೂರನೇ ದಿನ. ಹೆಕ್ಕೋಳು ನಾನು."

ಮುಖ್ಯ ಅತಿಥಿಗಳು ಸೀಸೆ ನೋಡಿದರು, ಗುಡ್ಡ ನೋಡಿದರು, ಗಡಿಯಾರ ನೋಡಿದರು. "ಬಹಳ ಉಪಯುಕ್ತ ಮಾಹಿತಿ" ಎಂದರು. ಆಮೇಲೆ ಫ್ಲೆಕ್ಸಿನ ಗಿಡುಗದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಪರಿಸರ ಬಂದ ಒಂಬತ್ತು ಕಾರುಗಳಲ್ಲೇ ವಾಪಸು ಹೋಯಿತು.

ಸಂಜೆ ನಾಲ್ಕಕ್ಕೆ ಒಂದು ಫೋನು. ಇಟ್ಟಿಗೆ ಸಾಗಿಸುವವನ ಮುದಿ ಎತ್ತು. ಯಜಮಾನ ಸೂಜಿಯಿಲ್ಲ ಎಂದ. ಹೆಂಡತಿಯನ್ನು ಕೇಳಿದರೆ, "ಸೂಜಿನಾ? ನನ್ನ ಜ್ವರಕ್ಕೇ ಮಾತ್ರೆ ತಂದಿಲ್ಲ ಈ ಮನುಷ್ಯ, ಎತ್ತಿಗೆ ತರ್ತಾನಾ!" ಎಂದು ಗಂಡನ ಮೇಲೆಯೇ ಹರಿಹಾಯ್ದಳು. ಮೇವು ಹಾಕುವ ತಮ್ಮನ ಮಾತೂ ಅದೇ. ಕುತ್ತಿಗೆಯಲ್ಲಿ ಗಂಟಿಲ್ಲ. ಬಡತನಕ್ಕೆ ಇಲ್ಲದ ಶುದ್ಧಿ ಯಾವುದಕ್ಕಿದೆ. ಮಾರನೆಯ ಬೆಳಗ್ಗೆ ಗಾಳಿ ಬಿಸಿಯಾಗುತ್ತಿದ್ದ ಹಾಗೆ ಇಪ್ಪತ್ತಮೂರೂ ಬಂಡೆಗೆ ಇಳಿದವು. ಮರಿಗೆ ದೊಡ್ಡವು ಜಾಗ ಕೊಡಲಿಲ್ಲ, ಅದು ರೆಕ್ಕೆಯಿಂದ ಎರಡೇಟು ತಿಂದು ಸಂದಿಯಲ್ಲಿ ನುಗ್ಗಿ ಬಾಯಿ ಹಾಕಿತು. ನೋಡಲು ಅತಿಥಿಗಳಿರಲಿಲ್ಲ. ಅಕ್ಕ ಟ್ರ್ಯಾಕ್ಟರಿನ ಮೇಲೆ ಕೂತು ಎರಡು ಸಲ ಎಣಿಸಿದರು.

ಮೂರನೆಯ ದಿನ ಬಿದ್ದದ್ದು ಹಕ್ಕಿಯಲ್ಲ, ನೋಟಿಸು. 'ಸಾರ್ವಜನಿಕ ಸಮಾರಂಭಕ್ಕೆ ಉದ್ದೇಶಪೂರ್ವಕವಾಗಿ ಅಡ್ಡಿಪಡಿಸಿದ್ದಕ್ಕೆ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು' ಎಂದು ಒಂದೂವರೆ ಪುಟ. ಗೇಟಿನ ಬೀಗದ ಕೈಯನ್ನು ಕೂಡಲೇ ಕಚೇರಿಗೆ ಒಪ್ಪಿಸತಕ್ಕದ್ದು. ಅಕ್ಕ ಓದಿದ್ದು ಏಳನೇ ಕ್ಲಾಸು. ಉತ್ತರ ತಾವೇ ಬರೆದರು. ಅತ್ತೆ ಪಕ್ಕದಲ್ಲಿ ಕೂತು, "ಇನ್ನೂ ಉದ್ದ ಬರಿಯೇ, ಅವರು ಒಂದೂವರೆ ಪುಟ ಬರ್ದಿದಾರೆ, ನಮ್ಮ ಮರ್ಯಾದೆ ಪ್ರಶ್ನೆ" ಎಂದು ಹುರಿದುಂಬಿಸಿದರು. ಅಕ್ಕನ ಉತ್ತರ ಮೂರೇ ಸಾಲು: 'ಸೂಜಿ ಬಿದ್ದಿತ್ತು. ಹೂತೆ. ಮುಂದೆಯೂ ಹೂಳುತ್ತೇನೆ.'

ವಿಚಾರಣೆ ಬರುವ ಸೋಮವಾರ. ಬೀಗದ ಕೈ ಇನ್ನೂ ಸೊಂಟದಲ್ಲೇ ಇದೆ. ಈ ನಡುವೆ ಕಚೇರಿಯವರು ಬೇರೆ ಮೂವರು ಟ್ರ್ಯಾಕ್ಟರಿನವರನ್ನು ಈ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದರಂತೆ. ಒಬ್ಬ ಗೇಟಿನ ತನಕ ಬಂದ, ಒಬ್ಬ ರಸ್ತೆಯ ತಿರುವಿನ ತನಕ, ಒಬ್ಬ ಫೋನಿನಲ್ಲೇ ಮೂಗು ಮುಚ್ಚಿಕೊಂಡ. "ಎಲ್ರ ಕೆಲಸಕ್ಕೂ ಶಿಫಾರಸು ಕಾವಲು, ನನ್ನ ಕೆಲಸಕ್ಕೆ ವಾಸನೆ ಕಾವಲು" ಎಂದು ಅಕ್ಕ ನಗುತ್ತಾರೆ. "ತೆಗೆದ್ರೂ ತೆಗೀಲಿ. ಗುಂಡಿ ತೋಡೋಕೆ ನೇಮಕಾತಿ ಪತ್ರ ಬೇಕಾ?"

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಜೇಬಿನಂತೆ ಹೊಲಿಸಿಕೊಂಡ ಚೀಲದಿಂದ ಸೀಮೆಸುಣ್ಣದ ತುಂಡು ತೆಗೆಯುತ್ತಾರೆ. ಆರು ವರ್ಷದಿಂದ ದನ ಇರುವ ಮನೆಮನೆಗೂ ಒಂದೊಂದು ಕೊಟ್ಟು ಬಂದಿದ್ದಾರೆ. ದನಕ್ಕೆ ಆ ಸೂಜಿ ಬಿದ್ದ ದಿನ ಕೊಟ್ಟಿಗೆಯ ಬಾಗಿಲ ಮೇಲೆ ಒಂದು ಉದ್ದ ಗೀಟು, ಗೀಟಿನ ತುದಿಗೆ ಒಂದು ಚುಕ್ಕೆ. ಅದು ಸೂಜಿ. ಆಮೇಲೆ ದಿನಕ್ಕೊಂದು ಅಡ್ಡಗೀಟು, ಹತ್ತು ಆಗುವ ತನಕ; ಅಷ್ಟರಲ್ಲಿ ಔಷಧಿ ಮೈಯಿಂದ ಇಳಿದಿರುತ್ತದೆ. ಓದು ಬಾರದವರೂ ಬರೆಯಬಹುದು, ಓದು ಬಾರದವರೂ ಓದಬಹುದು. ಇನ್ನೂರ ಹತ್ತು ಕೊಟ್ಟಿಗೆಗಳಲ್ಲಿ ನೂರ ಎಂಬತ್ತರಲ್ಲಿ ಈಗ ಬರೆಯುತ್ತಾರೆ. "ಉಳಿದ ಮೂವತ್ತೂ ಬರೀಲಿ. ಅಷ್ಟು ಸಾಕು. ಆಗ ನಾನು ಯಾರ ಮನೇಲೂ ಪೊಲೀಸರ ಥರ ಪ್ರಶ್ನೆ ಕೇಳ್ಬೇಕಾಗಿಲ್ಲ, ಅವರೂ ಸುಳ್ಳು ಹೇಳ್ಬೇಕಾಗಿಲ್ಲ."

ಇವತ್ತು ಬೆಳಗ್ಗೆ ಅಕ್ಕನ ಟ್ರ್ಯಾಕ್ಟರು ಅಧ್ಯಕ್ಷರ ಕೊಟ್ಟಿಗೆಯ ಮುಂದೆ ಹಾದು ಹೋಗುತ್ತದೆ. ನಿಲ್ಲಲು ಕಾರಣವಿಲ್ಲ, ಆದರೂ ನಿಲ್ಲುತ್ತದೆ. ಆ ಬಾಗಿಲು ಮೂವತ್ತರಲ್ಲಿ ಒಂದಾಗಿತ್ತು. ಈಗ ಅದರ ಹಸಿರು ಬಣ್ಣದ ಮೇಲೆ ಒಂದು ಉದ್ದ ಗೀಟು, ತುದಿಗೆ ಚುಕ್ಕೆ, ಪಕ್ಕದಲ್ಲಿ ಎರಡು ಅಡ್ಡಗೀಟು: ಒಳಗಿನ ಇನ್ನೊಂದು ಹಸುವಿಗೆ ಸೂಜಿ ಬಿದ್ದು ಎರಡು ದಿನ. ಕೈ ನಡುಗಿ ಬರೆದಿದ್ದರಿಂದ ಸೂಜಿ ಸೊಟ್ಟಗಿದೆ. ಸುತ್ತಲೂ ಒದ್ದೆ ಬಟ್ಟೆಯಿಂದ ಉಜ್ಜಿದ ಬಿಳಿ ಕಲೆ, ಒಂದರ ಮೇಲೊಂದು. ಒಳಗಿನಿಂದ ಹಾಲಿನ ಬಕೆಟು ಹಿಡಿದು ಬಂದ ಅಜ್ಜಿ ಅಕ್ಕನನ್ನು ಕಂಡು ಅತ್ತಿತ್ತ ನೋಡುತ್ತಾರೆ.

"ಅಳಿಸ್ತಾರಾ ಅಜ್ಜಿ?"

"ದಿನಾ ಅಳಿಸ್ತಾರೆ."

"ಮತ್ತೆ?"

"ಅವರು ಏಳೋದು ಎಂಟಕ್ಕೆ, ನಾನು ಏಳೋದು ನಾಲ್ಕಕ್ಕೆ" ಎಂದು ಅಜ್ಜಿ ನಾಲ್ಕು ಹಲ್ಲನ್ನೂ ತೋರಿಸಿ ಕೈ ಚಾಚುತ್ತಾರೆ. "ಸುಣ್ಣ ಮುಗೀತಾ ಬಂತು. ಇನ್ನೊಂದು ತುಂಡು ಕೊಡು ಮಗಳೇ."

ಅಕ್ಕ ಚೀಲದಿಂದ ಸೀಮೆಸುಣ್ಣದ ಡಬ್ಬಿಯನ್ನೇ ತೆಗೆದುಕೊಟ್ಟು ಟ್ರ್ಯಾಕ್ಟರು ಹತ್ತುತ್ತಾರೆ.